ಸಂತೆಯಿಲ್ಲದ ಸಾಮ್ರಾಜ್ಯ

ಸಿವಿಲೈಸೇಷನ್ ಎಂಬ ಕಂಪ್ಯೂಟರ್ ಆಟದ ಆರನೇ ಆವೃತ್ತಿ ಆಡುವವರ ಕೈಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ಕೊಟ್ಟು ನೋಡಿ, ಅಲ್ಲಿ ಊರು ಹೂಡುವ ಸೆಟ್ಲರ್ ಇಳಿಸಲು ಹಿಂದೆಮುಂದೆ ನೋಡುತ್ತಾರೆ. ಬಯಲಿನ ನಡುವೆ ಎದ್ದ ಗುಡ್ಡದ ಮೇಲೆ ಊರು ಕಟ್ಟಿದರೆ ಮೊದಲ ಸುತ್ತಿನಿಂದಲೇ ಉತ್ಪಾದನೆ ಒಂದು ಹೆಚ್ಚು, ಅದು ಸರಿ. ಆದರೆ ನೀರು? ನದಿ ಪಕ್ಕದ ಊರಿಗೆ ಆಟ ಐದು ವಸತಿ ಕೊಡುತ್ತದೆ, ಸಮುದ್ರದಂಡೆಗೆ ಮೂರು, ಎರಡೂ ಇಲ್ಲದ ಕಡೆಗೆ ಬರೀ ಎರಡು. ಅಂಥ ಊರಲ್ಲಿ ಒಂದೇ ಒಕ್ಕಲಿದ್ದಾಗಲೂ ಬೆಳವಣಿಗೆ ಅರ್ಧಕ್ಕಿಳಿಯುತ್ತದೆ, ಎರಡಾದರೆ ಕಾಲುಭಾಗಕ್ಕೆ. ಆದ್ದರಿಂದ ಬಲ್ಲವರ ಸಲಹೆ ಒಂದೇ: ಗುಡ್ಡ ಬಿಡು, ಹಡಗಲಿ ಸೀಮೆಗೆ ನಡೆ, ತುಂಗಭದ್ರೆಯ ದಂಡೆಯಲ್ಲಿ ಕೂರು.

ಆದರೆ ನೊಳಂಬವಾಡಿಯನ್ನು ಆಳಿದ ಉಚ್ಚಂಗಿಯ ಪಾಂಡ್ಯರು ಆ ಗುಡ್ಡವನ್ನೇ ಹಿಡಿದು ಕೂತರು. ಅವರಿಗೆ ಬೇಕಿದ್ದದ್ದು ಬೆಳೆಯುವ ಊರಲ್ಲ, ಬೀಳದ ಊರು. ಇಂಥ ಆಟಗಳಲ್ಲಿ ಊರಿನ ಜಾಗ, ಊರೂರಿನ ನಡುವಿನ ಅಂತರ ತೀರ್ಮಾನವಾಗುವ ಬಗೆಯನ್ನು ಈ ನೆಲದ ಮೇಲಿಟ್ಟು ನೋಡಿದರೆ ಆಟದ ಜಾಣತನವೂ ಕಾಣುತ್ತದೆ, ಅದರ ಕುರುಡೂ ಕಾಣುತ್ತದೆ.

ಮೊದಲು ಜಾಣತನ. ಆರನೇ ಆವೃತ್ತಿಯಲ್ಲಿ ಒಂದು ಊರು ಸುತ್ತ ಮೂರು ಟೈಲ್‌ವರೆಗೆ ದುಡಿಯಬಲ್ಲದು, ನಡುವಿನದೂ ಸೇರಿ ಒಟ್ಟು 37. ಹೊಸಬರು ಒಂದೂರಿನ ಗಡಿ ಇನ್ನೊಂದಕ್ಕೆ ತಾಗಬಾರದೆಂದು ಏಳು ಟೈಲ್ ಅಂತರ ಬಿಟ್ಟು ಊರು ಹೂಡುತ್ತಾರೆ. ನಕ್ಷೆಯಲ್ಲಿ ಅಂದವಾಗಿಯೇ ಕಾಣುತ್ತದೆ, ಲೆಕ್ಕದಲ್ಲಿ ನಷ್ಟ. ಜನಸಂಖ್ಯೆ ಏಳಿರುವ ಊರು ದುಡಿಸುವುದು ಏಳೇ ಟೈಲನ್ನು, ಉಳಿದದ್ದು ಬೀಳು. ಜನ 1, 4, 7 ಆದಾಗ ಒಂದೊಂದು ಡಿಸ್ಟ್ರಿಕ್ಟ್ ಕಟ್ಟಲು ಅವಕಾಶ, ಅಲ್ಲಿಂದ ಮುಂದೆ ಬೆಳೆಸುವುದು ದುಬಾರಿ. ನಿಯಮ ಒಪ್ಪುವ ಅತಿ ಕಡಿಮೆ ಅಂತರ ನಾಲ್ಕು ಟೈಲ್. ಆ ಲೆಕ್ಕದಲ್ಲಿ ಒತ್ತಾಗಿ ಹೂಡಿದರೆ ಊರಿಗೆ 16 ಟೈಲ್ ಸಾಕು. ಏಳು ಟೈಲ್ ಅಂತರ ಬಿಟ್ಟವನು ಒಂದು ಊರು ಕಟ್ಟಿದ ನೆಲದಲ್ಲಿ ಎರಡು ಊರೆದ್ದು ಇನ್ನೂ ಜಾಗ ಮಿಗುತ್ತದೆ. ಒಂದೂರಿನ ಕಾರ್ಖಾನೆಯ ಫಲ ಆರು ಟೈಲ್ ದೂರದವರೆಗೂ ಹರಿಯುವುದರಿಂದ ಒತ್ತೊತ್ತಾಗಿರುವುದೇ ಲಾಭ. ಹಾಗಾಗಿ ಗಟ್ಟಿ ಆಟಗಾರ ಮೊದಮೊದಲು ಅದ್ಭುತಗಳನ್ನು ಕಟ್ಟುತ್ತ ಕೂರುವುದಿಲ್ಲ. ಸೆಟ್ಲರ್ ಉತ್ಪಾದನೆಗೆ ಶೇ. 50 ಸೇರಿಸುವ ಕಾಲೊನೈಸೇಷನ್ ಕಾರ್ಡ್ ಹಾಕಿ, ಒಂದರ ಹಿಂದೊಂದು ಸೆಟ್ಲರ್ ಹೊರಡಿಸುತ್ತಾನೆ. ಪ್ರತಿ ಸೆಟ್ಲರೂ ಹಿಂದಿನದಕ್ಕಿಂತ ದುಬಾರಿ, ಹೊರಟ ಊರಿನ ಒಂದು ಒಕ್ಕಲೂ ಕಳೆಯುತ್ತದೆ. ಆದರೂ ಬೇಗ ಹೋದವನದೇ ಗೆಲುವು.

ಈ ಹಪಾಹಪಿಗೆ ಕಡಿವಾಣ ಹಾಕುವುದೇ ಸರಣಿಯ ಹಳೆಯ ತಲೆನೋವು. 2001ರ ಮೂರನೇ ಆವೃತ್ತಿ ರಾಜಧಾನಿಯಿಂದ ದೂರವಾದಷ್ಟೂ ಭ್ರಷ್ಟಾಚಾರ ಏರಿಸಿತು. ದೂರದ ಊರು ಕೊನೆವರೆಗೂ ದಂಡವೇ. 2005ರ ನಾಲ್ಕನೆಯದು ಪ್ರತಿ ಊರಿಗೂ ನಿರ್ವಹಣಾ ವೆಚ್ಚ ಕಟ್ಟಿತು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನ್ಯಾಯದ ಕಟ್ಟಳೆ: ಹೊಸ ಊರು ಮೊದಲು ಖಜಾನೆ ತಿನ್ನುತ್ತದೆ, ಆಮೇಲೆ ತನ್ನ ಅನ್ನ ತಾನೇ ದುಡಿಯುತ್ತದೆ. ಅವಸರ ಮಾಡಿದವನಿಗೆ ಪೆಟ್ಟು, ಕಾದವನಿಗೂ ಪೆಟ್ಟು, ನಡುವೆ ತೂಗಿ ನೋಡಿದವನಿಗೆ ದಾರಿ. 2010ರ ಐದನೆಯದು ಇಡೀ ನಾಡಿನ ಸಂತೋಷವನ್ನು ಒಂದೇ ತಕ್ಕಡಿಗೆ ಹಾಕಿತು. 2013ರ ಬ್ರೇವ್ ನ್ಯೂ ವರ್ಲ್ಡ್ ಬಂದ ಮೇಲಂತೂ ಊರು ಹೆಚ್ಚಿದಷ್ಟೂ ವಿಜ್ಞಾನ ತುಟ್ಟಿ. ನಾಲ್ಕು ಊರು ಕಟ್ಟಿ ಸುಮ್ಮನಿರುವುದೇ ಜಾಣತನವೆನಿಸಿ ಆಟ ಸಪ್ಪೆಯಾಯಿತು.

ಅದೇ ಐದನೆಯದರಲ್ಲಿ ಗಾಂಧಿಯ ಭಾರತಕ್ಕೆ ಕೊಟ್ಟ ವಿಶೇಷ ಗುಣ ನೋಡಿ. ಜನಸಂಖ್ಯೆಯಿಂದಾಗುವ ಅಸಂತೋಷ ಅರ್ಧ, ಊರಿನ ಸಂಖ್ಯೆಯಿಂದಾಗುವುದು ದುಪ್ಪಟ್ಟು. ಹಳ್ಳಿಗಳ ದೇಶವೆಂದು ಸಾರಿದ ಮನುಷ್ಯನ ಕೈಗೆ, ಕೆಲವೇ ಊರು ಕಟ್ಟಿ ಅವುಗಳಲ್ಲಿ ಜನರನ್ನು ತುಂಬು ಎಂಬ ಆದೇಶ! ತಯಾರಕರು ವ್ಯಂಗ್ಯ ಮಾಡಿದರೋ ಗೊತ್ತಿಲ್ಲದೆ ಮಾಡಿದರೋ, ಕೂಡ್ಲಿಗಿಯವರಿಗೆ ನಗು ಬರಬೇಕು. ಅಲ್ಲಿ ಗಾಂಧಿಯ ಚಿತಾಭಸ್ಮದ ಸ್ಮಾರಕವಿದೆ.

ಈಗ ಕುರುಡು. ಉಚ್ಚಂಗಿ ಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಒಂದರಿಂದ ಪಕ್ಕದ್ದಕ್ಕೆ ಸುಮಾರು 20ರಿಂದ 40 ಕಿ.ಮೀ. ಈ ಅಂತರವನ್ನು ಯಾವ ರಾಜಧಾನಿಯೂ ನಿಗದಿ ಮಾಡಲಿಲ್ಲ. ಎತ್ತಿನ ಗಾಡಿ ಬೆಳಿಗ್ಗೆ ಬಿಟ್ಟು ಸಂತೆ ಮುಗಿಸಿ ಮನೆ ಸೇರುವ ದೂರ, ಪಕ್ಕದೂರಿನ ಸಂತೆಗೆ ಅಡ್ಡಬಾರದ ವಾರ, ಮಳೆ ಕಡಿಮೆಯ ನಾಡಲ್ಲಿ ಕೆರೆ ತಡೆದುಕೊಳ್ಳುವಷ್ಟು ಜನ, ಇವು ಊರೂರನ್ನು ಬೇರೆಯಿಟ್ಟವು. ಕೊಟ್ಟೂರಿಗೆ ಕೋಟೆಗಿಂತ ಗುರುಬಸವೇಶ್ವರನ ತೇರೇ ಬಲ. ಮೈಲಾರದಲ್ಲಿ ಕಾರಣಿಕ ಕೇಳಲು ಸೇರುವ ಜನಕ್ಕೆ ಲೆಕ್ಕವಿಲ್ಲ, ಜಾತ್ರೆ ಮುಗಿದರೆ ಅದು ಸಣ್ಣ ಊರು. ವಾರಕ್ಕೊಂದು ದಿನ, ವರ್ಷಕ್ಕೊಂದು ಸಲ ದೊಡ್ಡದಾಗುವ ಊರು ಆಟದ ಲೆಕ್ಕಕ್ಕೆ ದಕ್ಕುವುದೇ ಇಲ್ಲ. ಅಲ್ಲಿ ಒಂದೂರಿಗೆ ಇನ್ನೊಂದರಿಂದಾಗುವ ಉಪಕಾರವೆಲ್ಲ ಕೊನೆಗೆ ಆಡುವವನ ಖಜಾನೆಗೇ ಜಮಾ. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಬೆಟ್ಟ ಹತ್ತುವವರಿಗೆ ಪಾಂಡ್ಯರ ಖಜಾನೆ ಕಟ್ಟಿಕೊಂಡು ಏನಾಗಬೇಕು?

ಗೆದ್ದ ಊರನ್ನು ಏನು ಮಾಡಬೇಕು ಎಂಬಲ್ಲೂ ಆಟ ಬಡವೇ. ಚೋಳರು ಹನ್ನೆರಡು ವರ್ಷ ಮುತ್ತಿ ಕೈಬಿಟ್ಟ ಉಚ್ಚಂಗಿಯನ್ನು ಹೊಯ್ಸಳ ಇಮ್ಮಡಿ ಬಲ್ಲಾಳ ಲೀಲಾಜಾಲವಾಗಿ ಹಿಡಿದನೆಂದು ಶಾಸನಗಳು ಹೊಗಳುತ್ತವೆ. ಹೊಗಳಿಕೆಗೆ ಸ್ವಲ್ಪ ಸೋಡಿ ಬಿಡೋಣ; ಆದರೆ ಗಿರಿದುರ್ಗಮಲ್ಲ ಎಂಬ ಬಿರುದು ಹೊತ್ತ ಅವನು ಶರಣಾದ ಪಾಂಡ್ಯನಿಗೇ ರಾಜ್ಯ ಮರಳಿಸಿದ ಎಂಬ ಮಾತೂ ಇದೆ. ಇದಕ್ಕೆ ಹತ್ತಿರ ಬಂದದ್ದು ನಾಲ್ಕನೇ ಆವೃತ್ತಿಯ ವಾರ್‌ಲಾರ್ಡ್ಸ್ ವಿಸ್ತರಣೆಯ ಸಾಮಂತರ ನಿಯಮ. ಮುಂದೆ ಅದನ್ನೂ ಕೈಬಿಟ್ಟರು.

ಊರು ಕಟ್ಟಿದ ಜಾಗ ಶಾಶ್ವತ ಎಂಬ ನಂಬಿಕೆಯೂ ಈ ಸರಣಿಗೆ ಗಟ್ಟಿಯಾಗಿ ಅಂಟಿತ್ತು. ನಮ್ಮಲ್ಲಿ ರಾಜಧಾನಿಯಾಗಿದ್ದ ಉಚ್ಚಂಗಿ ಹರಪನಹಳ್ಳಿ ತಾಲ್ಲೂಕಿನ ಒಂದು ಊರಾಯಿತು, ಪಾಳೆಯಗಾರರ ಕಾಲದಲ್ಲಿ ಬಯಲಿನ ಹರಪನಹಳ್ಳಿ ಮೇಲೆದ್ದಿತು. ತುಂಗಭದ್ರಾ ಜಲಾಶಯ ತುಂಬಿದಾಗ ನಾರಾಯಣದೇವರಕೆರೆ ಮುಳುಗಿ, ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. 2025ರ ಏಳನೇ ಆವೃತ್ತಿ ಇದರತ್ತ ಕಣ್ಣು ಹಾಯಿಸಿದೆ. ಹೊಸದಾಗಿ ಕಟ್ಟಿದ್ದೆಲ್ಲ ಮೊದಲು ಟೌನ್; ಬೆಳೆದು ಒಂದು ಕಸುಬು ಹಿಡಿದ ಮೇಲೆ ಸಂಪರ್ಕವಿರುವ ನಗರಗಳಿಗೆ ಅನ್ನ ಕಳಿಸುತ್ತದೆ, ಚಿನ್ನ ಸುರಿದರಷ್ಟೇ ನಗರ. ಒಟ್ಟು ನೆಲೆಗಳಿಗೊಂದು ಮಿತಿಯಿದೆ, ದಾಟಿದರೆ ಸಂತೋಷ ಕುಸಿಯುತ್ತದೆ. ಯುಗ ಬದಲಾದಾಗ ರಾಜಧಾನಿಯೊಂದನ್ನು ಬಿಟ್ಟು ನಗರಗಳು ಸಾಮಾನ್ಯವಾಗಿ ಮತ್ತೆ ಟೌನ್ ಆಗುತ್ತವೆ, ಬೇಕಿದ್ದರೆ ರಾಜಧಾನಿಯನ್ನೂ ಬದಲಿಸಬಹುದು. ಗುಡ್ಡ ಇಳಿದು ಬಯಲಿಗೆ ಬರುವ ರಾಜ್ಯವನ್ನು ಆಡಿ ನೋಡಲು ಈ ಸರಣಿ ಕೊಟ್ಟ ಮೊದಲ ನಿಜವಾದ ಅವಕಾಶ ಇದು. ಆದರೆ ಆ ಇಳಿತ ಎಲ್ಲರಿಗೂ ಒಂದೇ ಗಳಿಗೆಯಲ್ಲಿ, ಗಂಟೆ ಹೊಡೆದಂತೆ ಬರುತ್ತದೆ. ಕೆರೆ ಬತ್ತಿದ್ದಕ್ಕೋ ದಾರಿ ಬದಲಾದದ್ದಕ್ಕೋ ಒಂದೂರು ಇಳಿದು ಪಕ್ಕದ್ದು ಏರುವುದಿಲ್ಲ. ಅಂದಹಾಗೆ, ಹನ್ನೆರಡು ವರ್ಷ ಕಾದು ಬರಿಗೈಲಿ ಹೋದ ಚೋಳರು ಏಳನೆಯದರಲ್ಲಿ ಇದ್ದಾರೆ, ಹೊಯ್ಸಳರೂ ಇಲ್ಲ, ಉಚ್ಚಂಗಿಯ ಪಾಂಡ್ಯರೂ ಇಲ್ಲ.