ಬೀಜ ಕೇಳುವುದೇ ಹೊಗಳಿಕೆ

ಧಾರವಾಡ ಸೀಮೆಯ ಹಳ್ಳಿ ಮಂದಿಯ ಮಾತು ಒರಟು, ಅವರ ಬಾಯಿಂದ ಒಂದು ಮೆಚ್ಚುಗೆ ಹೊರಡುವುದು ಕಷ್ಟ ಎಂದು ದಕ್ಷಿಣ ಕರ್ನಾಟಕದವರಷ್ಟೇ ಅಲ್ಲ, ಹುಬ್ಬಳ್ಳಿಯಲ್ಲಿ ಕಲಿತು ಬಂದ ನಮ್ಮ ಹುಡುಗರೂ ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಇಲ್ಲಿಯ ಜನ ಆಳಿಗಿಂತ ಆಳಿನ ಕೆಲಸವನ್ನು ಮೆಚ್ಚುತ್ತಾರೆ. ಆ ಮೆಚ್ಚುಗೆ ಬಹಳ ಸಲ ಬೇಡಿಕೆಯ ರೂಪದಲ್ಲಿ ಬರುತ್ತದೆ.

ನವಲಗುಂದದ ಎರೆಹೊಲದ ಬದುವಿನ ಮೇಲೆ ನಿಂತವನು ಪಕ್ಕದ ಕಡಲೆ ಬೆಳೆ ನೋಡಿ, “ನೀವು ಭಾರಿ ರೈತರು ಬಿಡ್ರಿ” ಅನ್ನುವುದಿಲ್ಲ. “ಕಾಕಾ, ಮುಂದಿನ ವರ್ಷಕ್ಕ ಇದರ ಬೀಜ ನನಗೂ ಒಂದೀಟ ಇಡ್ರಿ” ಅನ್ನುತ್ತಾನೆ. ಬೀಜ ಕೇಳಿದ ಮೇಲೆ ಹೊಗಳಲು ಇನ್ನೇನು ಉಳಿಯಿತು? ಕಾಕಾ ಉಬ್ಬುವುದಿಲ್ಲ: “ಏನ ಬೆಳಿನೋ ತಮ್ಮಾ, ಹಿಂಗಾರಿ ಮಳಿ ಕೈಕೊಟ್ಟೈತಿ.” ಜಪಾನಿನಲ್ಲೂ ಹೊಗಳಿಸಿಕೊಂಡವರು “ಇಯೆ, ಇಯೆ” ಎಂದು ಅಲ್ಲಗಳೆಯುವುದು ರೂಢಿ. ಅವರದು ಸಂಸ್ಕಾರ, ನಮ್ಮ ಕಾಕಾನದು ಹಳ್ಳಿಗಾಡಿನ ಸಂಕೋಚ ಎನ್ನುವುದು ಯಾವ ನ್ಯಾಯ? ಮೆಚ್ಚುಗೆ ಮಾತಿಗೆ ಬರದೆ ಕೈಗೆ ಬರುವುದೂ ಉಂಟು: ಚೆಂದದ ಕೂಸಿನೆದುರು ದೃಷ್ಟಿಗೆ ಅಂಜಿ ಬಾಯಿ ಬಿಗಿಹಿಡಿಯುವವರೇ ಆ ಕೂಸಿಗೆಂದು ಕಲಘಟಗಿಯ ಬಣ್ಣದ ತೊಟ್ಟಿಲು ಹುಡುಕಿಕೊಂಡು ಹೋಗುತ್ತಾರೆ.

ಬಾಯಿಬಿಟ್ಟು ಹೊಗಳುವ ಜಾಗವೂ ಇದೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಗಾಯಕ ಸವಾಯಿ ಗಂಧರ್ವರ (1886–1952) ಸ್ಮರಣೆಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರನ್ನೂ ತಿದ್ದಿದ ಗುರು ಅವರು. ಅಲ್ಲಿ ಹಾಡುವವರ ತಾನ ಸುತ್ತಿ ಬಂದು ತಾಳದ ಸಮಕ್ಕೆ ಕೂತ ಗಳಿಗೆಗೇ “ವ್ಹಾ!” ಏಳುತ್ತದೆ. ಒಂದು ಗಳಿಗೆ ತಡವಾದರೆ ಅದಕ್ಕೆ ಬೆಲೆಯಿಲ್ಲ. ಎಲ್ಲರಿಗೂ ಒಂದೇ ಅಳತೆಯಲ್ಲಿ “ಸೂಪರ್, ಸೂಪರ್” ಹಂಚುವುದನ್ನು ಕಲಿಸುವ ವ್ಯಕ್ತಿತ್ವ ವಿಕಸನದ ತರಗತಿಗಳಿಗೆ ಇಂಥ ಕಿವಿಯನ್ನು ಕೊಡಲು ಆದೀತೆ?

ನಮ್ಮ ರೀತಿಯಲ್ಲಿ ನಿಜವಾಗಿ ತಿದ್ದಬೇಕಾದದ್ದು ಬೇರೆ. ಕೆಲಸವನ್ನು ಮೆಚ್ಚುತ್ತ ಕೈಯನ್ನು ಮರೆಯುತ್ತೇವೆ, ಅದರಲ್ಲೂ ಹೆಣ್ಣಿನ ಕೈಯನ್ನು. “ಇನ್ನೊಂದು ರೊಟ್ಟಿ ಹಾಕವಾ” ಎಂದರೆ ಮೆಚ್ಚುಗೆ ಸಂದಿತೆಂದು ಗಂಡಸರು ತಿಳಿದಿದ್ದಾರೆ. ಒಲೆಯ ಮುಂದೆ ಕೂತವಳಿಗೆ ಅದು ಇನ್ನೊಂದು ರೊಟ್ಟಿಯ ಕೆಲಸವೂ ಹೌದು. ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ, ಊರಿನ ಹೆಸರು ದೂರ ಮುಟ್ಟಿದೆ. ನಿಲುವು ಮಗ್ಗದ ಮುಂದೆ ಕೂತು ನವಿಲು, ಪಗಡಿ ಹಾಸಿನ ಚಿತ್ತಾರ ತೆಗೆಯುವ ಹೆಣ್ಣುಮಕ್ಕಳ ಹೆಸರು ಮಾತ್ರ ಕೊಂಡವರಿಗೆ ಗೊತ್ತಿಲ್ಲ. ಇದನ್ನು ನೇಯ್ದವರು ಯಾರು ಎಂದು ಅಂಗಡಿಯಲ್ಲೇ ಕೇಳಬೇಕು. ಇವತ್ತು ಹೇಳಲು ಬಾರದ ಅಂಗಡಿಯವರು ಮುಂದಿನ ಗಿರಾಕಿ ಬರುವುದರೊಳಗಾದರೂ ತಿಳಿದುಕೊಂಡಾರು.