ದೀರ್ಘ ಕೋವಿಡ್ ಸಂಶೋಧನೆಯಲ್ಲಿ ವೈದ್ಯರ ದಾಖಲೆಗಳ ಪ್ರಾಮಾಣ್ಯ

ಕೊರೋನಾ ಸೋಂಕು ಕಳೆದ ಮೇಲೂ ತಿಂಗಳುಗಟ್ಟಲೆ ಉಳಿಯುವ ಆಯಾಸ, ಏದುಸಿರು, ಮರೆವು ಮೊದಲಾದ ಬಾಧೆಗಳಿಗೆ ‘ಲಾಂಗ್ ಕೋವಿಡ್’ ಎಂಬ ಹೆಸರನ್ನು 2020ರ ಮೇ ತಿಂಗಳಿನಲ್ಲಿ ಬಳಕೆಗೆ ತಂದವರು ವೈದ್ಯರಲ್ಲ. ಸ್ವತಃ ಆ ಬಾಧೆಗೆ ಒಳಗಾಗಿದ್ದ ಎಲಿಸಾ ಪೆರೆಗೊ ಎಂಬ ಪುರಾತತ್ತ್ವಜ್ಞೆ. ಅಮೆರಿಕದ ಆಸ್ಪತ್ರೆಗಳ ರೋಗಸೂಚಿಯಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತ ದೊರೆತುದು 2021ರ ಅಕ್ಟೋಬರ್ 1ರಂದು. ನಡುವಣ ಹದಿನಾರು ತಿಂಗಳುಗಳಲ್ಲಿ ರೋಗವಿತ್ತು, ಹೆಸರೂ ಇತ್ತು. ಅದನ್ನು ಬರೆಯುವ ಅಂಕಣವಿರಲಿಲ್ಲ. ಗಣಕಯಂತ್ರಗಳಲ್ಲಿ ಶೇಖರವಾದ ಆರೋಗ್ಯದಾಖಲೆಗಳನ್ನು ಆಧರಿಸಿ ಈ ರೋಗವನ್ನು ಕುರಿತು ನಡೆದಿರುವ ಸಂಶೋಧನೆಗಳನ್ನು ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಪರಿಶೀಲಿಸಲು ಹೊರಟಿರುವುದು ಈ ಕಾರಣದಿಂದಲೇ. ಯಾವ ದಾಖಲೆಯನ್ನಾದರೂ, ಅದನ್ನು ಬರೆದವರಾರು, ಏತಕ್ಕಾಗಿ ಬರೆದರು ಎಂದು ಕೇಳದೆ ನಾವು ಒಪ್ಪುವುದಿಲ್ಲವಷ್ಟೆ.

ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು 2021ರಲ್ಲಿ ಪ್ರಕಟವಾದ ಇಂಗ್ಲೆಂಡಿನ ‘ಓಪನ್‌ಸೇಫ್ಲಿ’ ಸಂಶೋಧಕರ ಲೇಖನ. ಅವರು ಶೋಧಿಸಿದ್ದು ಸುಮಾರು 5 ಕೋಟಿ 80 ಲಕ್ಷ ಜನರ ದಾಖಲೆಗಳನ್ನು. ಆ ವರ್ಷದ ಏಪ್ರಿಲ್‌ವರೆಗೆ ದೀರ್ಘ ಕೋವಿಡ್ಡಿನ ಸಂಕೇತ ಕಂಡುಬಂದುದು ಕೇವಲ 23,273 ಮಂದಿಯಲ್ಲಿ. ಅದೇ ಮಾರ್ಚಿನಲ್ಲಿ ಬ್ರಿಟನ್ನಿನ ಅಂಕಿಅಂಶ ಕಚೇರಿ ಮನೆಮನೆಯ ಸಮೀಕ್ಷೆಯಿಂದ ಅಂದಾಜು ಮಾಡಿದ ಸಂಖ್ಯೆ 11 ಲಕ್ಷ! ಎರಡರ ಪ್ರದೇಶವೂ ವಿಧಾನವೂ ಬೇರೆಯೆಂಬುದು ನಿಜ. ಆದರೂ ಇಷ್ಟು ದೊಡ್ಡ ಅಂತರಕ್ಕೆ ಅದು ಸಮಾಧಾನವಾಗಲಾರದು. ಚಿಕಿತ್ಸಾಲಯಗಳ ಪೈಕಿ ಶೇಕಡ 26.7ರಷ್ಟು ಆ ಸಂಕೇತವನ್ನು ಒಮ್ಮೆಯೂ ಬಳಸಿರಲಿಲ್ಲ. ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ‘ಎಮಿಸ್’ ಎಂಬ ತಂತ್ರಾಂಶವನ್ನು ಬಳಸುವ ವೈದ್ಯರಲ್ಲಿ ಲಕ್ಷಕ್ಕೆ 53.7 ರೋಗಿಗಳು ದಾಖಲಾಗಿದ್ದರೆ, ‘ಟಿಪಿಪಿ’ಯ ತಂತ್ರಾಂಶವನ್ನು ಬಳಸುವವರಲ್ಲಿ 20.9 ಮಾತ್ರ. ವೈದ್ಯನ ಮೇಜಿನ ಮೇಲಿನ ತಂತ್ರಾಂಶವನ್ನು ನೋಡಿ ರೋಗ ಹರಡುವುದಿಲ್ಲ. ಇಲ್ಲಿ ನಮಗೆ ಕಾಣುವುದು ರೋಗಿಗಿಂತ ಹೆಚ್ಚಾಗಿ ಲಿಪಿಕಾರ.

ದಾನಶಾಸನಗಳನ್ನು ಓದುವವರಿಗೆ ಇದು ಹೊಸತಲ್ಲ. ಕೊಟ್ಟವನ ಹೆಸರೂ ಗದ್ದೆಯ ಎಲ್ಲೆಗಳೂ ಕಲ್ಲಿನಲ್ಲಿರುತ್ತವೆ. ಗದ್ದೆಯನ್ನು ಉತ್ತವನು ಬಹುಮಟ್ಟಿಗೆ ಅಲ್ಲಿರುವುದಿಲ್ಲ. ಆದುದರಿಂದ ಅವನಿರಲೇ ಇಲ್ಲವೆಂದು ಯಾರೂ ಸಾಧಿಸಹೊರಡುವುದಿಲ್ಲ.

ಇಂಥ ದಾಖಲೆಗಳು ನಿಷ್ಪ್ರಯೋಜಕವೆಂಬುದು ನಮ್ಮ ಅಭಿಪ್ರಾಯವಲ್ಲ. ಅಮೆರಿಕದ ನಿವೃತ್ತ ಯೋಧರ ಆರೋಗ್ಯದಾಖಲೆಗಳನ್ನು ಬಳಸಿ ಜಿಯಾದ್ ಅಲ್-ಅಲಿ ಮತ್ತು ಸಹೋದ್ಯೋಗಿಗಳು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ಆಸ್ಪತ್ರೆಗೆ ಸೇರದೆ ಗುಣ ಹೊಂದಿದ 73,435 ಸೋಂಕಿತರನ್ನು ಸುಮಾರು 50 ಲಕ್ಷ ಇತರರೊಡನೆ ಹೋಲಿಸಿ, ಸೋಂಕು ಸೌಮ್ಯವಾಗಿದ್ದವರಲ್ಲಿಯೂ ಮುಂದೆ ಶ್ವಾಸಕೋಶ, ಹೃದಯ, ನರಮಂಡಲಗಳ ತೊಂದರೆ ಹೆಚ್ಚೆಂದು ಅವರು ತೋರಿಸಿದರು. ಇಲ್ಲಿ ರೋಗಿಯ ನೆನಪನ್ನು ನಂಬಬೇಕಾಗಿಲ್ಲ. ಸೋಂಕಿಗೆ ಮುಂಚಿನ ಸ್ಥಿತಿಯೂ ದಾಖಲೆಯಲ್ಲಿದೆ. ಆದರೆ ಈ ಯೋಧರಲ್ಲಿ ಬಹುಪಾಲು ವಯಸ್ಸಾದ ಗಂಡಸರು; ದೀರ್ಘ ಕೋವಿಡ್ಡೋ ಅನೇಕ ಸಮೀಕ್ಷೆಗಳ ಪ್ರಕಾರ ಹೆಂಗಸರಲ್ಲಿ ಹೆಚ್ಚು.

2022ರಲ್ಲಿ ಅಮೆರಿಕದ ರಾಷ್ಟ್ರೀಯ ಕೋವಿಡ್ ದತ್ತಾಂಶ ಸಂಗ್ರಹವನ್ನು ಬಳಸಿ ನಡೆದ ಮತ್ತೊಂದು ಪ್ರಯತ್ನದಲ್ಲಿ, ದೀರ್ಘ ಕೋವಿಡ್ಡಿನ ವಿಶೇಷ ಚಿಕಿತ್ಸಾಲಯಗಳಿಗೆ ಬಂದ 597 ರೋಗಿಗಳನ್ನು ಮಾದರಿಯಾಗಿಟ್ಟು ಯಂತ್ರಕ್ಕೆ ರೋಗವನ್ನು ಗುರುತಿಸಲು ಕಲಿಸಲಾಯಿತು. ಜಾಣ್ಮೆಯ ಕೆಲಸವೇ ಸರಿ. ಆದರೆ ಅಂಥ ಚಿಕಿತ್ಸಾಲಯವನ್ನು ತಲಪಲು ಹಣ, ಬಿಡುವು, ನಂಬುವ ವೈದ್ಯ ಇವೆಲ್ಲ ಬೇಕು. ಯಂತ್ರ ಕಲಿತದ್ದು ರೋಗದ ಲಕ್ಷಣವನ್ನೋ, ಬಾಗಿಲು ತಲಪಿದವರ ಲಕ್ಷಣವನ್ನೋ?

ಎಲ್ಲಕ್ಕಿಂತ ಗಂಭೀರವಾದ ತೊಡಕು ‘ಸೋಂಕಿಲ್ಲದವರು’ ಎಂಬ ಗುಂಪಿನದು. 2020ರ ಮಾರ್ಚ್ 12ರಂದು ಬ್ರಿಟನ್ನು ಆಸ್ಪತ್ರೆಯ ಹೊರಗಿನ ಸಾಮಾನ್ಯ ಜನರನ್ನು ಪರೀಕ್ಷಿಸುವುದನ್ನು ಕೈಬಿಟ್ಟಿತು. ಮುಂದೆ ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಸಾಧನಗಳು ಬಂದಾಗಲೂ ಅನೇಕ ಫಲಿತಾಂಶಗಳು ವೈದ್ಯರ ದಾಖಲೆಯನ್ನು ಸೇರಲಿಲ್ಲ. ಪರೀಕ್ಷೆಯ ಫಲವನ್ನೇ ಆಧಾರವಾಗಿ ಹಿಡಿದರೆ, ಇಂದಿಗೂ ಹಾಸಿಗೆ ಬಿಟ್ಟೇಳಲಾರದ ಮೊದಲ ಅಲೆಯ ರೋಗಿಯೊಬ್ಬಳು ಆರೋಗ್ಯವಂತರ ಗುಂಪಿನಲ್ಲಿ ಎಣಿಕೆಯಾಗುತ್ತಾಳೆ. ಅಷ್ಟೇ ಅಲ್ಲ, ಅಲ್ಲಿದ್ದುಕೊಂಡು ಎರಡು ಗುಂಪುಗಳ ನಡುವಣ ವ್ಯತ್ಯಾಸವನ್ನೂ ತಗ್ಗಿಸುತ್ತಾಳೆ.