ಚಾಳೀಸಿನ ಕಣ್ಣು, ಪಿಸ್ತೂಲಿನ ಗುರಿ ಮತ್ತು ನಮ್ಮ ಪಠ್ಯ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲು ಮಿಶ್ರ ತಂಡ ಸ್ಪರ್ಧೆಯಲ್ಲಿ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಕಂಚು ಗೆದ್ದುದು ನೆನಪಿರಬಹುದು. ಅದೇ ಸ್ಪರ್ಧೆಯಲ್ಲಿ ಬೆಳ್ಳಿ ಪಡೆದ ಟರ್ಕಿ ತಂಡದ ಯೂಸುಫ್ ಡಿಕೆಚ್ ಅವರಿಗೆ ಆಗ 51 ವರ್ಷ. ಮಾಮೂಲಿ ಕನ್ನಡಕ ಹಾಕಿ, ಒಂದು ಕೈ ಜೇಬಿನಲ್ಲಿಟ್ಟು ನಿಂತ ಅವರ ಚಿತ್ರ ಎಲ್ಲೆಡೆ ಪ್ರಕಟವಾಯಿತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದಾಗ 38 ವರ್ಷದವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದಾಗ 40. ನಲವತ್ತಾದರೆ ಕಣ್ಣಿಗೆ ‘ಚಾಳೀಸು’ ಬಂತು ಎನ್ನುವವರು ನಾವು. ಹಾಗಾದರೆ ಐವತ್ತು ದಾಟಿದವರು ಗುರಿ ಹಿಡಿಯುವುದು ಹೇಗೆ, ಅವರಿಗೆ ಎಂಥ ಕನ್ನಡಕ ಬೇಕು ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಹತ್ತನೆಯ ತರಗತಿಯ ಪಠ್ಯದಲ್ಲಿ ಉತ್ತರ ಸಿಗುವುದಿಲ್ಲ. ಅದೇ ಈ ಲೇಖನದ ತಕರಾರು.

ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿ ವಿಜ್ಞಾನ ಪುಸ್ತಕದ ಕಣ್ಣಿನ ಅಧ್ಯಾಯಕ್ಕೆ ಅದರದೇ ಗುಣಗಳಿವೆ. ಸಮೀಪ ದೃಷ್ಟಿ, ದೂರ ದೃಷ್ಟಿಗಳ ಕಿರಣ ಚಿತ್ರಗಳು ಸ್ಪಷ್ಟವಾಗಿವೆ. ಆದರೆ ವಯಸ್ಸಿನ ದೃಷ್ಟಿದೋಷಕ್ಕೆ, ಅಂದರೆ ಪ್ರೆಸ್‌ಬಯೋಪಿಯಕ್ಕೆ, ದೊರೆತಿರುವುದು ಒಂದು ಚಿಕ್ಕ ಭಾಗ ಮಾತ್ರ. ಅಲ್ಲಿಯೂ ಎರಡು ಕೊರತೆಗಳಿವೆ. ಮೊದಲನೆಯದು ಕಾರಣದ ವಿವರಣೆ. ಸಿಲಿಯರಿ ಸ್ನಾಯುಗಳು ದುರ್ಬಲಗೊಳ್ಳುವುದನ್ನು ಮುಂದಿಟ್ಟು, ಮಸೂರ ಗಡುಸಾಗುವುದನ್ನು ಅದರ ಹಿಂದೆ ಹೇಳಲಾಗಿದೆ. ವಾಸ್ತವದಲ್ಲಿ ಮುಖ್ಯ ಕಾರಣ ಮಸೂರವೇ. ಸ್ನಾಯು ಇಳಿವಯಸ್ಸಿನಲ್ಲೂ ಸಾಕಷ್ಟು ಸಂಕುಚಿಸಬಲ್ಲದು. ಎರಡನೆಯದು, ಸಮೀಪ ದೃಷ್ಟಿ ಮತ್ತು ದೂರ ದೃಷ್ಟಿ ಎರಡೂ ಇದ್ದವರಿಗೆ ಬೈಫೋಕಲ್ ಬೇಕು ಎಂಬ ಮಾತು. ಬೈಫೋಕಲ್ ಧರಿಸುವ ಬಹುಪಾಲು ಜನರಿಗೆ ಇರುವುದು ಹೊಂದಾಣಿಕೆ ಸಾಮರ್ಥ್ಯದ ಇಳಿಕೆಯೇ ಹೊರತು ಏಕಕಾಲದಲ್ಲಿ ಎರಡು ವಿರುದ್ಧ ದೋಷಗಳಲ್ಲ. ಇದನ್ನು ಓದಿದ ಮಗುವಿನ ಮನಸ್ಸಿನಲ್ಲಿ ಉಳಿಯುವುದು ‘ದೂರಕ್ಕೊಂದು, ಓದಲೊಂದು’ ಎಂಬ ಎರಡು ಖಾನೆಗಳ ಚಿತ್ರ. ನಡುವಿನ ದೂರಕ್ಕೆ ಅದರಲ್ಲಿ ಜಾಗವಿಲ್ಲ.

ಪಿಸ್ತೂಲು ಹಿಡಿದವನ ಕಷ್ಟ ಇರುವುದು ಆ ನಡುವಿನಲ್ಲೇ. ಅವನ ಮುಂದೆ ಮೂರು ವಸ್ತುಗಳಿವೆ: ಕಣ್ಣಿನಿಂದ ಸುಮಾರು 55 ಸೆಂ.ಮೀ. ದೂರದಲ್ಲಿ ಕಚ್ಚು ಇರುವ ಹಿಂದಿನ ಸೈಟು, 90 ಸೆಂ.ಮೀ. ದೂರದಲ್ಲಿ ಮುಂದಿನ ಸೈಟು, 10 ಮೀಟರ್ ಆಚೆ ಗುರಿಹಲಗೆ. ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲು ಹದಿನೈದರ ಕಣ್ಣಿಗೂ ಸಾಧ್ಯವಿಲ್ಲ. ಯಾವುದನ್ನು ಬಿಡಬೇಕು? ಕೈ ಪಕ್ಕಕ್ಕೆ ಸಮಾಂತರವಾಗಿ 1 ಮಿ.ಮೀ. ಸರಿದರೆ ಗುಂಡೂ 1 ಮಿ.ಮೀ. ಮಾತ್ರ ಸರಿಯುತ್ತದೆ. ಆದರೆ ಸೈಟುಗಳ ನಡುವೆ 35 ಸೆಂ.ಮೀ. ಅಂತರವಿದ್ದು, ಅವುಗಳ ನೇರ 1 ಮಿ.ಮೀ. ತಪ್ಪಿದರೆ 10 ಮೀಟರಿನಲ್ಲಿ ಅದು ಸುಮಾರು 28 ಮಿ.ಮೀ. ಆಗುತ್ತದೆ. ಹತ್ತು ಅಂಕದ ವಲಯದ ವ್ಯಾಸವೇ 11.5 ಮಿ.ಮೀ.; 28 ಮಿ.ಮೀ. ತಪ್ಪಿದ ಗುಂಡು ಏಳರ ವಲಯಕ್ಕೆ ಬೀಳುತ್ತದೆ. ಆದ್ದರಿಂದ ಮುಂದಿನ ಸೈಟು ಸ್ಫುಟವಾಗಿರಬೇಕು, ಗುರಿಹಲಗೆಯ ಕಪ್ಪು ವೃತ್ತ ತುಸು ಮಸುಕಾದರೂ ನಡೆಯುತ್ತದೆ. ‘ಗುರಿ ಚೆನ್ನಾಗಿ ಕಾಣಬೇಕು’ ಎಂದು ದೂರದ ಕನ್ನಡಕವನ್ನೇ ಮತ್ತೆ ಮತ್ತೆ ಬದಲಾಯಿಸುವವರು ತಪ್ಪುವುದು ಇಲ್ಲಿ.

ಈಗ ಪಠ್ಯದಲ್ಲೇ ಇರುವ ಡಯಾಪ್ಟರ್ ಲೆಕ್ಕವನ್ನು ಬಳಸೋಣ. ದೂರವನ್ನು ಮೀಟರಿನಲ್ಲಿ ಬರೆದು 1ನ್ನು ಅದರಿಂದ ಭಾಗಿಸಿದರೆ, ಅಲ್ಲಿ ನೋಟ ನಿಲ್ಲಿಸಲು ಬೇಕಾದ ಹೆಚ್ಚುವರಿ ಸಾಮರ್ಥ್ಯ ದೊರೆಯುತ್ತದೆ. 40 ಸೆಂ.ಮೀ. ದೂರದ ಪುಸ್ತಕಕ್ಕೆ 2.5, ಮುಂದಿನ ಸೈಟಿಗೆ 1.1, ಗುರಿಹಲಗೆಗೆ 0.1 ಡಯಾಪ್ಟರ್. ಕಣ್ಣಿನ ಸರಾಸರಿ ಹೊಂದಾಣಿಕೆ ಸಾಮರ್ಥ್ಯಕ್ಕೆ ಹಾಫ್‌ಸ್ಟೆಟ್ಟರ್ ಸೂತ್ರವಿದೆ: ವಯಸ್ಸನ್ನು 0.3ರಿಂದ ಗುಣಿಸಿ 18.5ರಿಂದ ಕಳೆಯಿರಿ. 15ರಲ್ಲಿ 14, 45ರಲ್ಲಿ 5, 55ರಲ್ಲಿ 2 ಡಯಾಪ್ಟರ್. ಇದರಲ್ಲಿ ಅರ್ಧವನ್ನಷ್ಟೇ ದಣಿವಿಲ್ಲದೆ ಬಳಸಬಹುದು ಎಂದಿಟ್ಟುಕೊಂಡರೆ, 45ರ ಸುಮಾರಿಗೆ ಪುಸ್ತಕ ತೊಂದರೆ ಕೊಡುತ್ತದೆ. ಸೈಟು ತೊಂದರೆ ಕೊಡುವುದು 55ರ ಸುಮಾರಿಗೆ. ಚಾಳೀಸು ಒಂದೇ ದಿನ ಎಲ್ಲ ದೂರಗಳಿಗೂ ಬರುವುದಿಲ್ಲ ಎಂಬ ಸೊಗಸಾದ ಪಾಠ ಈ ಮೂರು ಸಾಲಿನ ಲೆಕ್ಕದಲ್ಲಿದೆ.

ಅಂಗಡಿಯಲ್ಲಿ ಸಿಗುವ ಸಿದ್ಧ ಪರಿಹಾರಗಳನ್ನು ಇದೇ ಒರೆಗೆ ಹಚ್ಚಿ ನೋಡಿ. +2.00ರ ಓದುವ ಕನ್ನಡಕ ಹಾಕಿದರೆ 50 ಸೆಂ.ಮೀ. ಆಚೆಯದೆಲ್ಲ ಮಸುಕು, ಸೈಟೂ ಇಲ್ಲ, ಗುರಿಯೂ ಇಲ್ಲ. ಬೈಫೋಕಲ್‌ನಲ್ಲಿ ಓದುವ ಭಾಗ ಕೆಳಗಿರುತ್ತದೆ. ನೆಟ್ಟಗೆ ನಿಂತು ಗುರಿ ಹಿಡಿದವನು ನೋಡುವುದು ಮೇಲ್ಭಾಗದಲ್ಲಿ. ಪ್ರೋಗ್ರೆಸಿವ್ ಮಸೂರದಲ್ಲಿ ತಲೆ ಕೊಂಚ ವಾಲಿದರೂ ಸಾಮರ್ಥ್ಯ ಬದಲಾಗುತ್ತದೆ. ಬೇಕಾದದ್ದು ಒಂದೇ ಸಾಮರ್ಥ್ಯದ ಮಸೂರ. ಸೈಟಿನ 1.1 ಮತ್ತು ಗುರಿಯ 0.1 ನಡುವಿನ ಮಧ್ಯಬಿಂದು 0.6. ಆದ್ದರಿಂದ ದೂರದ ನಂಬರಿಗೆ +0.50 ಅಥವಾ +0.75 ಕೂಡಿಸಿ ಪರೀಕ್ಷೆ ಆರಂಭಿಸುವುದು ವಾಡಿಕೆ. ದೂರಕ್ಕೆ -2.00 ಇದ್ದವರಿಗೆ -1.50, +1.00 ಇದ್ದವರಿಗೆ +1.50. ಅಸಮದೃಷ್ಟಿಯ ತಿದ್ದುಪಡಿಯನ್ನು ಬಿಡಬಾರದು. ಬಿಟ್ಟರೆ ಸೈಟಿನ ಅಡ್ಡ ಅಂಚು ಮತ್ತು ನೆಟ್ಟ ಅಂಚು ಬೇರೆ ಬೇರೆಯಾಗಿ ಮಸುಕಾಗಬಹುದು. ಕಣ್ಣಿನ ಮುಂದೆ ಕಿರುರಂಧ್ರ ಇಟ್ಟರೂ ಸಹಾಯವಾಗುತ್ತದೆ: ಬೆಳಕು ಹಾಯುವ ವ್ಯಾಸ 3 ಮಿ.ಮೀ.ನಿಂದ 1.5ಕ್ಕೆ ಇಳಿದರೆ ಮಸುಕು ಅರ್ಧವಾಗುತ್ತದೆ, ಆದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಸ್ಪರ್ಧಾ ನಿಯಮದಂತೆ ಮಸೂರವನ್ನು ಶೂಟರ್ ಧರಿಸಬಹುದು, ಪಿಸ್ತೂಲಿಗೆ ಕಟ್ಟುವಂತಿಲ್ಲ.

ಕನ್ನಡಕ ಆರಿಸುವವರು ಮೊದಲು ಮಾಡಬೇಕಾದ ಕೆಲಸ ಇಷ್ಟೆ: ಶೂಟಿಂಗ್ ರೇಂಜಿನಲ್ಲಿ ಗುಂಡು ತುಂಬದ ಪಿಸ್ತೂಲು ಹಿಡಿದು, ಕಣ್ಣಿನಿಂದ ಮುಂದಿನ ಸೈಟಿನವರೆಗಿನ ದೂರವನ್ನು ಇನ್ನೊಬ್ಬರಿಂದ ಟೇಪಿನಲ್ಲಿ ಅಳೆಸಿ, ಆ ಸಂಖ್ಯೆಯನ್ನು ಕಣ್ಣು ಪರೀಕ್ಷಕರಿಗೆ ಹೇಳುವುದು. ಯಾವ ಮಸೂರದಲ್ಲೂ ಸೈಟು ತಿಳಿಯಾಗದಿದ್ದರೆ ಅದು ನಂಬರಿನ ಪ್ರಶ್ನೆಯಲ್ಲದಿರಬಹುದು. ಪೊರೆ ಅಥವಾ ಬೇರೆ ಕಾಯಿಲೆ ಇದೆಯೇ ಎಂದು ನೇತ್ರವೈದ್ಯರು ನೋಡಬೇಕು.

ಶ್ರೀರಾಮನಗರದಂಥ ಊರಿನ ಪ್ರೌಢಶಾಲೆಯಲ್ಲಿ ಇದನ್ನು ಕಲಿಸಲು ಪಿಸ್ತೂಲು ಬೇಕಿಲ್ಲ. ಮೇಜಿನ ಮೇಲೆ ಮೀಟರ್ ಪಟ್ಟಿ ಇಡಿ. 55 ಸೆಂ.ಮೀ. ಗುರುತಿನಲ್ಲಿ ಕಚ್ಚು ಕೊಯ್ದ ರಟ್ಟು, 90ರಲ್ಲಿ ಜೇಡಿಮಣ್ಣಿನ ಉಂಡೆಗೆ ಸಿಕ್ಕಿಸಿದ ಬೆಂಕಿಕಡ್ಡಿ, 10 ಮೀಟರ್ ದೂರದ ಗೋಡೆಗೆ 6 ಸೆಂ.ಮೀ. ವ್ಯಾಸದ ಕಪ್ಪು ಕಾಗದದ ವೃತ್ತ. ಮೇಜಿನ ಅಂಚಿಗೆ ಗಲ್ಲ ಊರಿ ಒಂದು ಕಣ್ಣಿನಿಂದ ಹುಡುಗಿಯೊಬ್ಬಳು ನೋಡಲಿ. ಆಮೇಲೆ ಐವತ್ತೈದರ ಮೇಷ್ಟ್ರು ದೂರದ ಕನ್ನಡಕದಲ್ಲಿ, ಓದುವ ಕನ್ನಡಕದಲ್ಲಿ, ಕೊನೆಗೆ ರಟ್ಟಿಗೆ ಸೂಜಿಯಿಂದ ಚುಚ್ಚಿದ ರಂಧ್ರದಲ್ಲಿ ನೋಡಲಿ. ಕಂಡದ್ದನ್ನು ಇಬ್ಬರೂ ಪಟ್ಟಿ ಮಾಡಲಿ.

ಇದು ಶೂಟರ್‌ಗಳಿಗಷ್ಟೇ ಸೇರಿದ ವಿಷಯವಲ್ಲ. ಗಂಗಾವತಿ ಸೀಮೆಯ ಅಕ್ಕಿ ಗಿರಣಿಯಲ್ಲಿ ತೂಕದ ಅಂಕಿ ಓದುವವರು, ಕಂಪ್ಯೂಟರಿನ ಮುಂದೆ ಕೂರುವ ಗುಮಾಸ್ತರು, ಮಗ್ಗದ ಎಳೆ ನೋಡುವವರು, ಎಲ್ಲರ ಕೆಲಸವೂ ಆ ‘ನಡುವಿನ ದೂರ’ದಲ್ಲೇ ಇದೆ. ಎರಡು ಖಾನೆಗಳ ಪಾಠ ಓದಿ ಬಂದವರು ಅಲ್ಲಿ ಮಸುಕು ಕಂಡರೆ ಕಣ್ಣೇ ಹೋಯಿತೆಂದು ಹೆದರುತ್ತಾರೆ, ಇಲ್ಲವೆ ಕೆಲಸ ಬಿಡುತ್ತಾರೆ. ಕನ್ನಡಕವನ್ನು ಆರಿಸುವುದು ವಯಸ್ಸಿನಿಂದಲ್ಲ, ನೋಡಬೇಕಾದ ವಸ್ತುವಿನ ದೂರದಿಂದ ಎಂಬ ಒಂದು ವಾಕ್ಯ ಮತ್ತು ಒಂದು ಲೆಕ್ಕ ಪಠ್ಯದಲ್ಲಿ ಸೇರಬೇಕು. ಸೇರುವವರೆಗೆ ಶಿಕ್ಷಕರು ಅದನ್ನು ಕರಿಹಲಗೆಯ ಮೇಲೆ ಬರೆಯಲು ಯಾವ ಅಡ್ಡಿಯೂ ಇಲ್ಲ.